ಡಾಕ್ಟರ್ ಕೋಟ್ನೀಸರ ತ್ಯಾಗ

ಸೇಡಂ, ಚಿತ್ತಾಪುರಗಳಿಂದ ವಾಡಿಗೆ ಬಂದು ಮುಂಬಯಿಯ ಗಾಡಿಯನ್ನೇರುವ ನಮ್ಮ ಜನರು ಶಹಾಬಾದು, ಕಲಬುರ್ಗಿಗಳನ್ನು ದಾಟಿ ಸೊಲ್ಲಾಪುರವನ್ನು ಕಾಣುತ್ತಾರೆ. ಕನ್ನಡ, ಮರಾಠಿ, ತೆಲುಗುಗಳು ಒಟ್ಟಿಗೆ ಬಾಳುವ ಆ ಪಟ್ಟಣದಲ್ಲಿ 1910ನೆಯ ಇಸವಿ ಅಕ್ಟೋಬರ್ 10ರಂದು ಜನಿಸಿದ ದ್ವಾರಕಾನಾಥ ಶಾಂತಾರಾಮ ಕೋಟ್ನೀಸರು ಪರರಾಷ್ಟ್ರವೊಂದರ ಸ್ವಾತಂತ್ರ್ಯಕ್ಕಾಗಿ ತಮ್ಮ ಪ್ರಾಣವನ್ನು ಸವೆಸಿದರೆಂಬುದು ನೆರೆಯವರಾದ ನಾವು ಮರೆಯತಕ್ಕ ಸಂಗತಿಯಲ್ಲ.

1937ರಲ್ಲಿ ಜಪಾನು ಚೀನದ ಮೇಲೆ ದಂಡೆತ್ತಿ ಬಂದಿತು. ಚೀನೀ ಸೇನಾನಿ ಜೂ ದೇಯವರು ವೈದ್ಯರ ನೆರವನ್ನು ಬೇಡಿ ಪಂಡಿತ ನೆಹರೂರವರಿಗೆ ಬರೆದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಧನವನ್ನು ಕೂಡಿಸಿದರು. ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನೀಸ ಎಂಬ ಐವರು ವೈದ್ಯರು ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹಡಗನ್ನೇರಿದರು. ಮುಂಬಯಿಯಲ್ಲಿ ವೈದ್ಯವಿದ್ಯೆಯನ್ನು ಕಲಿತಿದ್ದ ಕೋಟ್ನೀಸರಿಗೆ ಆಗ ಇಪ್ಪತ್ತೇಳು ವರ್ಷ.

ತನ್ನ ಮನೆ ಉರಿಯುತ್ತಿರುವಾಗ ನೆರೆಮನೆಯ ಬೆಂಕಿಯನ್ನು ಆರಿಸಹೊರಡುವುದು ವಿವೇಕವೇ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಆ ತಂಡವನ್ನು ಕಳುಹಿಸಿದುದು ಬ್ರಿಟಿಷ್ ಸರಕಾರವಲ್ಲ, ಭಾರತದ ಜನತೆ. ಪರಾಧೀನ ರಾಷ್ಟ್ರವೊಂದು ತನ್ನ ಹೆಸರಿನಿಂದಲೇ ಮತ್ತೊಂದು ರಾಷ್ಟ್ರದ ಕೈಹಿಡಿದುದು ಸ್ವಾತಂತ್ರ್ಯದ ಯೋಗ್ಯತೆಯನ್ನು ಕಾರ್ಯದಿಂದಲೇ ತೋರಿಸಿದಂತಾಯಿತು. ಬಿಡುಗಡೆಯನ್ನು ತನಗೊಬ್ಬನಿಗೇ ಬಯಸುವವನು ಅದರ ಬೆಲೆಯನ್ನು ಅರ್ಧವೇ ಅರಿತವನು.

ಚೀನದಲ್ಲಿರುವಾಗಲೇ ಕೋಟ್ನೀಸರಿಗೆ ತಂದೆಯ ಮರಣವಾರ್ತೆ ಮುಟ್ಟಿತು. ಪುತ್ರಧರ್ಮವು ಮನೆಗೆ ಕರೆಯಿತು. ಕೊಟ್ಟ ಮಾತು ಅಲ್ಲಿಯೇ ನಿಲ್ಲಿಸಿತು. 1939ರಲ್ಲಿ ಅವರು ಯೆನಾನನ್ನು ಸೇರಿ, ಅನಂತರ ಉತ್ತರ ಚೀನದ ರಣಭೂಮಿಗೆ ನಡೆದರು. 1940ರ ಘೋರ ಕಾಳಗದಲ್ಲಿ ಎಂಟುನೂರಕ್ಕಿಂತ ಹೆಚ್ಚು ಗಾಯಾಳುಗಳನ್ನು ಉಪಚರಿಸಿದರು. ಅದೇ ಸೇವೆಯಲ್ಲಿ 1939ರಲ್ಲಿ ಮಡಿದ ಕೆನಡಾದ ವೈದ್ಯ ನಾರ್ಮನ್ ಬೆಥೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ನಿರ್ದೇಶಕರಾದರು. ಚೀನೀ ಭಾಷೆಯನ್ನು ಕಲಿತರು. ದಾದಿ ಗುವೊ ಚಿಂಗ್‌ಲಾನರನ್ನು ವರಿಸಿದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ಭಾರತ, ಚೀನಗಳೆರಡನ್ನೂ ಸೂಚಿಸುವ ಯಿನ್‌ಹುವಾ ಎಂಬ ಹೆಸರಾಯಿತು. ಆ ಶಿಶುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 9ರಂದು, ಅಪಸ್ಮಾರದಿಂದ ತಂದೆಯು ತೀರಿಕೊಂಡನು. ಉಳಿದ ನಾಲ್ವರು ಸ್ವದೇಶಕ್ಕೆ ಮರಳಿದರು; ಕೋಟ್ನೀಸರು ಮರಳಲಿಲ್ಲ.

1947ರ ಸ್ವಾತಂತ್ರ್ಯವನ್ನಾಗಲಿ, 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳಿಕೆಯಿಂದ ನಮ್ಮ ತಾಲ್ಲೂಕುಗಳಿಗೆ ದೊರೆತ ಬಿಡುಗಡೆಯನ್ನಾಗಲಿ ಅವರು ಕಾಣಲಿಲ್ಲ. 1962ರಲ್ಲಿ ಭಾರತ ಚೀನಗಳೇ ಯುದ್ಧಕ್ಕೆ ನಿಂತವು. ಆದರೂ ಚೀನದ ಶಿಜಿಯಾಝುವಾಂಗಿನ ಹುತಾತ್ಮರ ಉದ್ಯಾನದಲ್ಲಿ ಅವರ ಸ್ಮಾರಕವು ಅಳಿಯದೆ ನಿಂತಿದೆ. ಸರಕಾರಗಳ ಮೈತ್ರಿ ಮುರಿಯಬಹುದು. ಮನುಷ್ಯನು ಮನುಷ್ಯನಿಗೆ ಮಾಡಿದ ಉಪಕಾರ ಮುರಿಯದು.

ಚಿಂಚೋಳಿಗೆ ವರ್ಗವಾಯಿತೆಂದೂ ಸೇಡಮಿನ ಬಿಸಿಲು ತಾಳಲಾಗದೆಂದೂ ಕೊರಗಿ, ಬಂದ ದಿನದಿಂದಲೇ ಹಿಂದಿರುಗುವ ಹಾದಿಯನ್ನು ಹುಡುಕುವ ಅಧಿಕಾರಿಗಳೂ ವೈದ್ಯರೂ ಈ ಚರಿತ್ರೆಯನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ಸೊಲ್ಲಾಪುರದ ತರುಣನಿಗೆ ಹುಟ್ಟಿದ ನೆಲ ಒಂದು, ದುಡಿದ ನೆಲ ಇನ್ನೊಂದು. ಎರಡೂ ಅವನವೇ ಆಗಿದ್ದವು.