ತಾಮ್ರಫಲಕದ ಸಾಧಕ ರೆಂಬ್ರಾಂಟ್

ಜಗತ್ತಿನ ಶ್ರೇಷ್ಠ ಚಿತ್ರಕಾರರಲ್ಲಿ ಅಗ್ರಗಣ್ಯನಾದ ರೆಂಬ್ರಾಂಟನು 1606ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಗಿರಣಿಯೊಡೆಯನೊಬ್ಬನ ಮಗನಾಗಿ ಜನಿಸಿದನು. ತನ್ನೂರಿನ ಸ್ವಾನೆನ್‌ಬರ್ಗನಲ್ಲಿ ಸುಮಾರು ಮೂರು ವರ್ಷ, ಆಮ್‌ಸ್ಟರ್‌ಡಾಮಿನ ಲಾಸ್ಟ್‌ಮನ್ನನಲ್ಲಿ ಆರು ತಿಂಗಳು ಶಿಷ್ಯನಾಗಿದ್ದು ವರ್ಣಚಿತ್ರಕಲೆಯನ್ನು ಅಭ್ಯಸಿಸಿದನು. ಆದರೆ ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು ಅಚ್ಚು ತೆಗೆಯುವ ಎಚಿಂಗ್ ವಿದ್ಯೆಯಲ್ಲಿ ಬಹುಮಟ್ಟಿಗೆ ಆ ತಗಡೇ ಆತನಿಗೆ ಗುರುವಾಯಿತು.

ಈ ವಿದ್ಯೆ ಸುಲಭಸಾಧ್ಯವಲ್ಲ. ನಯಗೊಳಿಸಿದ ತಗಡಿಗೆ ಮೇಣ, ರಾಳಗಳ ತೆಳುಲೇಪವಿತ್ತು, ಸೂಜಿಯಿಂದ ಗೆರೆಯೆಳೆದು ತಾಮ್ರವನ್ನು ಬಯಲುಮಾಡಬೇಕು. ಆಮ್ಲವು ಆ ಗೆರೆಗಳನ್ನಷ್ಟೇ ಕೊರೆಯುತ್ತದೆ. ಬಳಿಕ ಲೇಪ ತೆಗೆದು, ಗೆರೆಗಳಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದವನ್ನಿರಿಸಿ ಯಂತ್ರದಲ್ಲಿ ಒತ್ತಿದಾಗ ಚಿತ್ರ ಮೂಡುತ್ತದೆ. ಆಮ್ಲದಲ್ಲಿ ಹೊತ್ತು ಸಾಲದಿದ್ದರೆ ಗೆರೆ ಬಡವಾಗುವುದು. ಹೊತ್ತು ಮೀರಿದರೆ ಗೆರೆಗಳು ಒಂದಕ್ಕೊಂದು ಕೂಡಿ ಕೆಡುವುವು. ಎಡಬಲಗಳು ಅದಲುಬದಲಾಗುವುದನ್ನೂ ಮೊದಲೇ ಎಣಿಸಿರಬೇಕು.

1626ರ ಸುಮಾರಿನ ಆತನ ಆರಂಭದ ಅಚ್ಚುಗಳಲ್ಲಿ ಕೈ ತಡವರಿಸಿರುವುದು ಕಾಣುತ್ತದೆ. 1629ರ ಸ್ವಚಿತ್ರವೊಂದರಲ್ಲಿ ಹೆಸರಿನ ಅಕ್ಷರಗಳೂ ಇಸವಿಯೂ ತಿರುಗುಮುರುಗಾಗಿ ಮೂಡಿವೆ. ಅದರ ಎರಡು ಪ್ರತಿಗಳು ಮಾತ್ರ ಇಂದು ಉಳಿದಿವೆ. ಆದರೂ ಆತನು ಎದೆಗುಂದಲಿಲ್ಲ. ಮರುವರ್ಷ ತನ್ನ ಮುಖವನ್ನೇ ಮಾದರಿಯಾಗಿಸಿ ನಗು, ಕೋಪ, ಬೆರಗುಗಳನ್ನು ಪುಟ್ಟ ಪುಟ್ಟ ತಗಡುಗಳಲ್ಲಿ ಕೊರೆದು ಕೈ ಪಳಗಿಸಿಕೊಂಡನು. ಒಂದೇ ತಗಡನ್ನು ಮತ್ತೆ ಮತ್ತೆ ತಿದ್ದಿ, ಪ್ರತಿ ಹಂತದಲ್ಲೂ ಅಚ್ಚು ತೆಗೆದು ಪರೀಕ್ಷಿಸುವುದು ಆತನ ಜೀವನದ ರೂಢಿಯಾಯಿತು. 1648ರ ಸುಮಾರಿಗೆ ಮುಗಿದ, ‘ನೂರು ಗಿಲ್ಡರುಗಳ ಚಿತ್ರ’ವೆಂದು ಹೆಸರಾದ ಕೃತಿ ಈ ತಪಸ್ಸಿನ ಫಲ. 1653ರ ‘ಮೂರು ಶಿಲುಬೆಗಳು’ ಕೃತಿಯ ತಗಡಿನಲ್ಲಿ ತಾನೇ ಮೂಡಿಸಿದ್ದ ಹಲವು ಆಕೃತಿಗಳನ್ನು ಮುಂದೆ ಆತನೇ ಹೆರೆದು ತೆಗೆದು ದೃಶ್ಯವನ್ನು ಹೊಸದಾಗಿ ರಚಿಸಿದನು.

ಬಾಳು ಮಾತ್ರ ಆತನಿಗೆ ಕರುಣೆ ತೋರಲಿಲ್ಲ. 1642ರಲ್ಲಿ ಪತ್ನಿ ಸಾಸ್ಕಿಯಾ ತೀರಿಕೊಂಡಳು. 1656ರಲ್ಲಿ ಆತನು ದಿವಾಳಿಯಾದನು. ಮನೆ, ಕಲಾಸಂಗ್ರಹಗಳು ಮಾರಾಟವಾದವು. ಅದೇ ವರ್ಷ ಭಾರತದ ಮೊಘಲ್ ಚಿತ್ರವೊಂದರ ವಿನ್ಯಾಸವನ್ನು ಅನುಸರಿಸಿ, ದೇವದೂತರನ್ನು ಸತ್ಕರಿಸುವ ಅಬ್ರಹಾಮನ ಚಿತ್ರವನ್ನು ತಾಮ್ರದಲ್ಲಿ ಕೊರೆದನು. ಸಂಪತ್ತು ಕೈಬಿಟ್ಟಾಗಲೂ ದೂರದೇಶದ ಕಲೆಯಿಂದ ಕಲಿಯುವ ವಿನಯ ಆತನನ್ನು ಬಿಡಲಿಲ್ಲ.

1669ರ ಅಕ್ಟೋಬರ್ 4ರಂದು ಆತನು ನಿಧನನಾದಾಗ ಸುಮಾರು 300 ಎಚಿಂಗ್ ಕೃತಿಗಳು ಜಗತ್ತಿಗೆ ಉಳಿದವು. ಆ ರಾಶಿಯಲ್ಲಿ ಅಕ್ಷರ ತಿರುಗಿದ ಮೊದಲ ಹೆಜ್ಜೆಯೂ ಇದೆ, ಪರಿಪಕ್ವ ಸಿದ್ಧಿಯೂ ಇದೆ. ವಿದ್ಯಾರ್ಥಿಯ ಮೊದಲ ತಪ್ಪನ್ನು ಕಂಡು ಆತನ ಅಳತೆ ಮಾಡಬಾರದೆಂಬುದನ್ನು ವಿದ್ಯಾದಾನದಲ್ಲಿ ತೊಡಗಿದವರೆಲ್ಲರಿಗೂ ಆ ತಾಮ್ರಫಲಕಗಳು ಸಾರುತ್ತಿವೆ.