ಕದಂಬ ಮಯೂರಶರ್ಮ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಮುಂದೆ, ಒಂದು ಶಿಲಾಸ್ತಂಭವಿದೆ. ಕ್ರಿ. ಶ. ಐದನೆಯ ಶತಮಾನದಲ್ಲಿ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಕಾವ್ಯವನ್ನು ಅದರ ಮೇಲೆ ಕೆತ್ತಿದ್ದಾರೆ. ಕನ್ನಡ ನಾಡಿನಲ್ಲಿ ಮೊದಲ ಸ್ವತಂತ್ರ ರಾಜ್ಯವನ್ನು ಕಟ್ಟಿದ ಮಯೂರಶರ್ಮನ ಜೀವನವನ್ನು ನಾವು ಬಹುಮಟ್ಟಿಗೆ ಅರಿಯುವುದು ಈ ಕಂಬದಿಂದಲೇ.

ಆತನು ಮಾನವ್ಯಗೋತ್ರದ ಬ್ರಾಹ್ಮಣನು. ಪೂರ್ವಿಕರ ಮನೆಯ ಬಳಿ ಬೆಳೆದಿದ್ದ ಕದಂಬವೃಕ್ಷದಿಂದ ಕುಲಕ್ಕೆ ಆ ಹೆಸರು ಬಂದಿತು. ವೇದಾಧ್ಯಯನವನ್ನು ಪೂರ್ಣಗೊಳಿಸಬೇಕೆಂದು ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿಯ ಘಟಿಕೆಯನ್ನು, ಎಂದರೆ ವಿದ್ಯಾಲಯವನ್ನು, ಸೇರಿದನು. ಓದಿಗಾಗಿ ಊರು ಬಿಟ್ಟು ಮಹಾನಗರಕ್ಕೆ ಬಂದವರ ಕಷ್ಟ ಪಾರ್ಲೆಯ ಮಕ್ಕಳಾದ ನಿಮ್ಮಲ್ಲಿ ಹಲವರ ಮನೆಗಳಿಗೆ ಗೊತ್ತಿರುವುದೇ.

ಕಂಚಿಯಲ್ಲಿ ಪಲ್ಲವರ ಕುದುರೆಯ ಸವಾರನೊಬ್ಬನೊಡನೆ ಆತನಿಗೆ ಘೋರವಾದ ಕಲಹವಾಯಿತು. ಕತ್ತಿ ಹಿಡಿದವನೆದುರು ಓದಿದವನು ತಲೆ ತಗ್ಗಿಸಬೇಕಾದ ಕಾಲ ಬಂದಿತಲ್ಲಾ ಎಂಬ ಸಂಕಟ ಆತನ ಮನಸ್ಸನ್ನು ಸುಟ್ಟಿತು. ಯಜ್ಞದ ಸಾಮಗ್ರಿಗಳನ್ನು ಹಿಡಿದು ಪಳಗಿದ ಕೈ ಖಡ್ಗವನ್ನು ಹಿಡಿಯಿತು. ಆತನು ಪಲ್ಲವರ ಗಡಿಕಾವಲುಗಾರರನ್ನು ಸೋಲಿಸಿ, ಶ್ರೀಪರ್ವತದವರೆಗೆ ಹಬ್ಬಿದ್ದ ದುರ್ಗಮವಾದ ಕಾಡನ್ನು ಹಿಡಿದನು. ಬಾಣ ಅರಸರಿಂದ ಕಪ್ಪವನ್ನು ಪಡೆದನು. ಪಲ್ಲವರ ಸೈನ್ಯವು ದಂಡೆತ್ತಿ ಬಂದಾಗ ಇರುಳಿನಲ್ಲಿ ಮೇಲೆಬಿದ್ದು ಅದನ್ನು ಕಂಗೆಡಿಸಿದನು. ಕಡೆಗೆ ಪಲ್ಲವರು ಆತನ ಪರಾಕ್ರಮವನ್ನೂ ಕುಲವನ್ನೂ ಮೆಚ್ಚಿ ಸ್ನೇಹ ಬೆಳೆಸಿದರು. ಮಯೂರಶರ್ಮನು ಕೆಲಕಾಲ ಅವರ ಪಕ್ಷದಲ್ಲಿ ಯುದ್ಧ ಮಾಡಿ, ಪಶ್ಚಿಮ ಸಮುದ್ರದಿಂದ ಮೊದಲಾದ ಭೂಮಿಯನ್ನೂ ಪಟ್ಟವನ್ನೂ ಅವರಿಂದಲೇ ಪಡೆದನು. ಇದು ನಡೆದುದು ಸುಮಾರು ಕ್ರಿ. ಶ. 345ರಲ್ಲೆಂದು ವಿದ್ವಾಂಸರ ಎಣಿಕೆ. ಕದಂಬರಿಗೆ ಬನವಾಸಿ ರಾಜಧಾನಿಯಾಯಿತು. ಮಗನಾದ ಕಂಗವರ್ಮನಿಂದ ಮುಂದೆ ಆ ಕುಲದವರ ಹೆಸರಿನಲ್ಲಿ ಶರ್ಮ ಹೋಗಿ ವರ್ಮ ಬಂದಿತು.

ಇನ್ನು ನೀವು ಬಲ್ಲ ಮಯೂರನ ಮಾತು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿ 1975ರಲ್ಲಿ ಬಂದ, ರಾಜಕುಮಾರರು ನಟಿಸಿದ ಚಲನಚಿತ್ರದಲ್ಲಿ ಆತನು ಬರಿಯ ವಿದ್ಯಾರ್ಥಿಯಲ್ಲ. ತನ್ನ ಹುಟ್ಟನ್ನು ತಾನೇ ಅರಿಯದೆ ಬೆಳೆದ ಕದಂಬ ರಾಜಪುತ್ರ. ಪಲ್ಲವ ರಾಜಕುಮಾರಿಯ ಪ್ರೇಮವೂ ಹಾಡುಗಳೂ ಜೊತೆಗೂಡುತ್ತವೆ. ರಾಜಕುಮಾರಿಯಾಗಲಿ ಗುಪ್ತವಾದ ರಾಜವಂಶವಾಗಲಿ ತಾಳಗುಂದದ ಕಂಬದಲ್ಲಿಲ್ಲ.

ಹಾಡುಗಳಿರುವ ಪ್ರೇಮಕಥೆಗೆ ಈ ಕಟ್ಟಳೆ ಎಲ್ಲೆಡೆಯೂ ಒಂದೇ. 1997ರಲ್ಲಿ ಅಮೆರಿಕದವರು ‘ಅನಸ್ತೇಸಿಯ’ ಎಂಬ ವ್ಯಂಗ್ಯಚಿತ್ರದ ಚಲನಚಿತ್ರವನ್ನು ತೆಗೆದರು. ಅದರಲ್ಲಿ ನೆನಪಳಿದ ಅನಾಥ ಹುಡುಗಿಯೊಬ್ಬಳು ಹಾಡುತ್ತ, ಒಲಿಯುತ್ತ, ತಾನು ರಷ್ಯದ ಚಕ್ರವರ್ತಿಯ ಮಗಳೆಂದು ಕಂಡುಕೊಳ್ಳುತ್ತಾಳೆ. ನಿಜವಾದ ಅನಸ್ತೇಸಿಯಳು 1918ರ ಜುಲೈಯಲ್ಲಿ, ತನ್ನ 17ನೆಯ ವಯಸ್ಸಿನಲ್ಲಿ, ತಂದೆತಾಯಿಯರೊಡನೆ ಗುಂಡಿಗೆ ಬಲಿಯಾದಳು. ಅಲ್ಲಿ ಕಥೆಯು ಸತ್ತವಳಿಗೆ ಬದುಕನ್ನು ಕೊಟ್ಟಿತೆಂದು ಮನ್ನಿಸಬಹುದು. ಮಯೂರಶರ್ಮನಿಗೆ ಕೊಟ್ಟುದಕ್ಕಿಂತ ಕಸಿದುಕೊಂಡುದೇ ಹೆಚ್ಚೆಂದು ನನ್ನ ಎಣಿಕೆ. ಹುಟ್ಟಿನಿಂದಲೇ ರಾಜ್ಯಕ್ಕೆ ಹಕ್ಕುದಾರನಾದವನು ಅದನ್ನು ಮರಳಿ ಪಡೆದರೆ ಅದರಲ್ಲಿ ಬೆರಗೇನು?

ಆದರೆ ಚಿತ್ರದವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಗೋವೆಯಲ್ಲಿಯೂ ಹಾನಗಲ್ಲಿನಲ್ಲಿಯೂ ಆಳಿದ ಮುಂದಿನ ಕದಂಬರೇ ಈ ಕೆಲಸವನ್ನು ಆರಂಭಿಸಿದ್ದರು. ಶಿವನ ಬೆವರಹನಿ ಕದಂಬವೃಕ್ಷದ ಬುಡದಲ್ಲಿ ಬೀಳಲು, ಮೂರು ಕಣ್ಣು ನಾಲ್ಕು ತೋಳುಗಳ ವೀರನು ಹುಟ್ಟಿ ತಮ್ಮ ಮೂಲಪುರುಷನಾದನೆಂದು ಅವರ ಕಾಲದ ಶಾಸನಗಳು ಸಾರುತ್ತವೆ. ಪುಸ್ತಕ ಹಿಡಿದು ಊರು ಬಿಟ್ಟ ಹುಡುಗನು ಅಜ್ಜನಾಗಿರುವುದು ಮೊಮ್ಮಕ್ಕಳಿಗೇ ಸಾಲದೆ ಹೋಯಿತು!

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಹೆಸರಿನದೇ ಒಂದು ಪ್ರಾಕೃತ ಶಾಸನವಿದೆ. ಅದು ಆತನ ಕೆರೆಯ ಕೆಲಸವನ್ನು ತಿಳಿಸುತ್ತದೆ. ತಾಳಗುಂದದ ಕಂಬ ನಿಂತುದೂ ಆತನ ವಂಶದ ಕಾಕುಸ್ಥವರ್ಮನು ಶಿವಾಲಯದ ಬಳಿ ತೋಡಿಸಿದ ಕೆರೆಯೊಂದರ ನೆನಪಿಗಾಗಿಯೇ. ಕಂಚಿಯ ಕಲಹ, ಕಾಡು, ಕಿರೀಟ ಎಲ್ಲವೂ ಅಲ್ಲಿ ಆ ಕೆರೆಯ ಕಥೆಗೆ ಪೀಠಿಕೆಯಾಗಿ ಬರುತ್ತವೆ.