ಹೃದಯವನ್ನು ಬಿಡಿಸಿ ನೋಡಿದ ಧರ್ಮಾಧ್ಯಕ್ಷ

ನಿಮ್ಮ ಮನೆಯ ಹಿರಿಯರ ಎದೆಬಡಿತ ನಿಧಾನವಾಗಿದೆ, ಪೇಸ್‌ಮೇಕರ್ ಹಾಕಿಸಿ ಎಂದು ವೈದ್ಯರು ಹೇಳಿದಾಗ, ದೇವರು ಕೊಟ್ಟ ಹೃದಯಕ್ಕೆ ಯಂತ್ರ ಜೋಡಿಸುವುದು ಸರಿಯೇ ಎಂದು ನೀವು ಅಳುಕಬಹುದು. ಆಗ ಪುನೀತ ನಿಕೋಲಾಸ್ ಸ್ಟೆನೊ ಅವರನ್ನು ನೆನೆಯಿರಿ.

1638ರಲ್ಲಿ ಕೋಪನ್‌ಹೇಗನ್ ನಗರದ ಲೂಥರನ್ ಅಕ್ಕಸಾಲಿಗರೊಬ್ಬರ ಮನೆಯಲ್ಲಿ ಅವರು ಹುಟ್ಟಿದರು. ವೈದ್ಯಶಾಸ್ತ್ರ ಓದಲು ಹಾಲೆಂಡಿಗೆ ಹೋದರು. ಹೃದಯವೆಂದರೆ ದೇಹದ ಕಾವಿನ ಒಲೆ, ಜೀವಚೈತನ್ಯದ ಪೀಠ ಎಂದು ಪಂಡಿತರು ಬಣ್ಣಿಸುತ್ತಿದ್ದ ಕಾಲವದು. ಸ್ಟೆನೊ ಪ್ರಾಣಿಗಳ ಹೃದಯವನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದರು. ಅದೂ ಕೈಕಾಲುಗಳಲ್ಲಿರುವಂಥ ಒಂದು ಸ್ನಾಯು, ಅಷ್ಟೇ ಎಂದು 1664ರಲ್ಲಿ ಪುಸ್ತಕ ಬರೆದು ತಿಳಿಸಿದರು.

ಆ ಸ್ನಾಯುವಿಗೆ ಮಿಡಿಯುವ ಸಂದೇಶ ಸಾಗುವ ದಾರಿ ತಿಳಿಯಲು ಮತ್ತೆ ಇನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಅದನ್ನು ಒಯ್ಯುವ ಎಳೆಯನ್ನು 1893ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ವೈದ್ಯರು ಗುರುತಿಸಿದರು. ಈ ದಾರಿ ಕೆಟ್ಟರೆ ಬಡಿತ ನಿಧಾನವಾಗುತ್ತದೆ, ತಲೆ ಸುತ್ತುತ್ತದೆ. 1958ರಲ್ಲಿ ಸ್ವೀಡನ್ನಿನಲ್ಲಿ ಮೊದಲ ಬಾರಿಗೆ ಪೇಸ್‌ಮೇಕರನ್ನು ಮನುಷ್ಯನ ದೇಹದೊಳಗೆ ಇಟ್ಟರು. ಬಹುಕಾಲ ಅದರ ತಂತಿಯನ್ನು ಬಲಗಡೆಯ ಕೆಳಕೋಣೆಯಲ್ಲಿ ಇಡುವುದೇ ರೂಢಿಯಾಗಿತ್ತು. ಆಗ ಬಲಭಾಗ ಮೊದಲು ಮಿಡಿದು ಎಡಭಾಗ ಹಿಂದೆ ಬೀಳುತ್ತದೆ. ವರ್ಷಗಟ್ಟಲೆ ಹೀಗಾದರೆ ಕೆಲವರ ಹೃದಯ ದಣಿದು ಸೋಲುತ್ತದೆ. ಎರಡು ಬದಿಗಳ ತಾಳ ತಪ್ಪಿ ಹೃದಯ ಸೋತವರಿಗೆ, ಎರಡೂ ಕಡೆ ತಂತಿಯಿಟ್ಟು ಒಟ್ಟಿಗೆ ಮಿಡಿಸುವ ಪದ್ಧತಿ ಬಂತು. ಈಚಿನ ವರ್ಷಗಳಲ್ಲಿ ಹಿಸ್ ಗುರುತಿಸಿದ ಎಳೆಗೋ ಅದರ ಎಡಗವಲಿಗೋ ತಂತಿಯ ತುದಿಯನ್ನು ತಾಗಿಸುತ್ತಾರೆ. ಸಂದೇಶ ದೇವರು ಹಾಕಿಕೊಟ್ಟ ದಾರಿಯಲ್ಲೇ ಹರಿದು ಎರಡೂ ಬದಿ ಜೊತೆಯಾಗಿ ಮಿಡಿಯಲು ನೆರವಾಗುತ್ತದೆ. ತಂತಿಯೇ ಇಲ್ಲದ, ಗುಳಿಗೆಯಂಥ ಪುಟ್ಟ ಪೇಸ್‌ಮೇಕರೂ ಇದೆ. ಯಾರಿಗೆ ಯಾವುದೆಂದು ಹೃದ್ರೋಗ ತಜ್ಞರನ್ನೇ ಕೇಳಿ.

ಹೃದಯ ಬರೀ ಸ್ನಾಯುವೆಂದು ಕಂಡವರ ವಿಶ್ವಾಸ ಸಡಿಲವಾಯಿತೇ? ಇಲ್ಲ. 1666ರಲ್ಲಿ ಇಟಲಿಯ ಲಿವೊರ್ನೊದಲ್ಲಿ ಪರಮ ಪ್ರಸಾದದ ಮೆರವಣಿಗೆ ಕಂಡು ಸ್ಟೆನೊ ಚಿಂತೆಗೆ ಬಿದ್ದರು. ಮರುವರ್ಷ ಕಥೋಲಿಕ ಧರ್ಮಸಭೆಗೆ ಸೇರಿದರು. 1675ರಲ್ಲಿ ಗುರುದೀಕ್ಷೆ ಪಡೆದರು. ಫ್ರಾನ್ಸಿನಲ್ಲಿ ಸಂತ ಮಾರ್ಗರೆಟ್ ಮೇರಿಗೆ ಯೇಸುವಿನ ಪವಿತ್ರ ಹೃದಯದ ಮಹಾದರ್ಶನವಾದದ್ದೂ ಅದೇ ವರ್ಷ. ಇದು ಬರೀ ಕಾಕತಾಳೀಯವೆಂದು ನನಗೇಕೋ ಅನಿಸುವುದಿಲ್ಲ. 1677ರಲ್ಲಿ ಧರ್ಮಾಧ್ಯಕ್ಷರಾಗಿ ಉತ್ತರ ಜರ್ಮನಿಯ ಚದುರಿಹೋದ ಕಥೋಲಿಕರ ಸೇವೆಗೆ ಹೊರಟರು. ತಮ್ಮ ಉಂಗುರವನ್ನೂ ಶಿಲುಬೆಯನ್ನೂ ಮಾರಿ ಬಡವರಿಗೆ ಹಂಚಿದರು. ಉಪವಾಸ, ದುಡಿಮೆಗಳಿಂದ ಸೊರಗಿ 1686ರಲ್ಲಿ, 48ರ ವಯಸ್ಸಿನಲ್ಲಿ, ಶ್ವೆರಿನ್ ಪಟ್ಟಣದಲ್ಲಿ ತೀರಿಕೊಂಡರು. ಪೋಪ್ ಎರಡನೇ ಜಾನ್ ಪಾಲರು 1988ರಲ್ಲಿ ಅವರನ್ನು ಪುನೀತ ಪದವಿಗೇರಿಸಿದರು. ಅವರ ಸಮಾಧಿ ಫ್ಲಾರೆನ್ಸಿನ ಸಂತ ಲಾರೆನ್ಸರ ದೇವಾಲಯದಲ್ಲಿದೆ.